ಅರ್ಧ ಮುಖಕ್ಕೆ ಕುಬೇರ ಸ್ನೋ

ಬಂಕಾಪುರ
ತಾ. 19 ಜನವರಿ 1941

ಗೆಳತಿ ಶಿವಬಸವ್ವಗೆ ಸಾವಂತ್ರಿಯ ಶರಣು.

ನಿನ್ನ ಕಾರ್ಡುಗಳೆಲ್ಲ ಬಂದು ಮುಟ್ಟಿವೆ. ಒಂದಕ್ಕೂ ಉತ್ತರ ಬರೆಯದ ನನ್ನನ್ನು ನೀನು ಹಿರೇಕೆರೂರಿನಲ್ಲಿ ಕುಳಿತು ಏನೇನು ಬೈದಿರಬಹುದು ಎಂದು ನೆನೆಸಿಕೊಂಡರೆ ನಗು ಬರುತ್ತದೆ. ನಿನಗೆ ಬರುವ ಬೈಗುಳಗಳು ಎರಡೇ, 'ಮಂಗ್ಯಾ' ಮತ್ತು 'ಹುಚ್ಚಿ'. ಎರಡನ್ನೂ ಒಪ್ಪಿಕೊಂಡೆ. ತಡವಾದದ್ದಕ್ಕೆ ನೆವ ಹೇಳುವುದಿಲ್ಲ. ಒಂದು ಹಾಳೆ ಮುಗಿಯುವಷ್ಟು ಹೊತ್ತು ಒಂದೇ ಕಡೆ ಕೂರುವುದು ನನ್ನಿಂದ ಆಗದು, ಅಷ್ಟೇ. ಬರೆಯಲು ಕೂತರೆ ಕೋಟೆಯ ಕಡೆ ನವಿಲು ಕೂಗುತ್ತದೆ, ಎದ್ದು ಹೋಗುತ್ತೇನೆ. ಇವತ್ತು ಅವ್ವ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗಿದ್ದಾಳೆ, ಆದ್ದರಿಂದ ನಿನಗೆ ಪತ್ರದ ಯೋಗ ಬಂತು. ಚಿಲಕ ಯಾಕೆ ಹಾಕಿದಳು ಎನ್ನುವುದೇ ಇವತ್ತಿನ ಸುದ್ದಿ.

ನಮ್ಮ ಕುಬೇರಪ್ಪ ಕಾಕಾ ಮುಂಬಯಿಯಿಂದ ತಿರುಗಿ ಬಂದಿದ್ದಾನೆ. ಅಲ್ಲಿ ಸಾಬಾನು, ಮುಖಕ್ಕೆ ಹಚ್ಚುವ ಸ್ನೋ ಮಾಡುವ ಒಂದು ಸಣ್ಣ ಕಾರಖಾನೆಯಲ್ಲಿದ್ದನಲ್ಲ, ಯುದ್ಧ ಹತ್ತಿದ ಮೇಲೆ ಹೊರದೇಶದ ಸಾಮಾನು ಬರುವುದು ನಿಂತು ಅದು ಬಾಗಿಲು ಹಾಕಿತಂತೆ. ಕಾಕಾ ಒಂದು ತಾಮ್ರದ ಪಾತೆಲಿ, ಒಂದು ಟ್ರಂಕಿನ ತುಂಬ ಸಣ್ಣ ಡಬ್ಬಿಗಳು ಮತ್ತು ತಾನು ಇನ್ನು ಸಾಹುಕಾರನಾಗುವವನೇ ಎನ್ನುವ ನಂಬಿಕೆ, ಇಷ್ಟನ್ನು ಹೊತ್ತುಕೊಂಡು ಬಂದ. ಬಂದ ದಿನವೇ ಅಪ್ಪನ ಮುಂದೆ ನಿಂತು ಹೇಳಿದ:

"ಅಣ್ಣಾ, ವಿಲಾಯತಿ ಸ್ನೋ ಬರೂದು ಬಂದ್ ಆಗೇತಿ. ಈಗ ನಾವು ಮಾಡಿದ್ವಿ ಅಂದ್ರ, ಯುದ್ಧ ಮುಗಿಯೂದ್ರೊಳಗ ಧಾರವಾಡ ಜಿಲ್ಲಾದ ಹೆಣ್ಮಕ್ಕಳ ಮಾರಿ ಎಲ್ಲಾ ನಮ್ಮ ಕೈಯಾಗ!"

ಅಪ್ಪ ತಕ್ಕಡಿಯಿಂದ ಕಣ್ಣೆತ್ತದೆ, "ಮೊದಲ ನಿನ್ನ ಮಾರಿ ತೊಳಕೊಂಡು ಉಣ್ಣಾಕ ಬಾ" ಎಂದ.

ಹೀಗೆ ನಮ್ಮ ಅಂಗಡಿಯ ಹಿತ್ತಲಲ್ಲಿ, ಅರಿಸಿನ ಕುಟ್ಟುವ ಒಳಕಲ್ಲಿನ ಪಕ್ಕದಲ್ಲಿ, ಸ್ನೋ ಕಾರಖಾನೆ ಸುರುವಾಯಿತು. ಹೆಸರು 'ಕುಬೇರ ಸ್ನೋ'. ಜೇನುಮೇಣ, ಕೊಬ್ಬರಿ ಎಣ್ಣೆ, ಸವಣೂರಿನ ಅತ್ತರಿನ ವ್ಯಾಪಾರಿ ಉಸ್ಮಾನಸಾಬರ ಗುಲಾಬಿ ನೀರು, ಇವನ್ನೆಲ್ಲ ಬಿಸಿ ಮಾಡಿ ಕಲಸಿ, ಬಿಳುಪಿಗೆಂದು ಕಾಕಾ ಒಂದು ಪುಡಿ ಹಾಕುತ್ತಾನೆ. ಅದಕ್ಕೆ ಸಫೇದ ಎಂದು ಹೆಸರು. ಮುಂಬಯಿಯಿಂದ ತಂದ ಸಫೇದ ಒಂದು ಪಾಕಕ್ಕೇ ಮುಗಿದುಹೋಯಿತು. ಈಗ ಹುಬ್ಬಳ್ಳಿಯ ಬಣ್ಣದ ಅಂಗಡಿಯಿಂದ ಚೀಲವನ್ನೇ ತರಿಸಿದ್ದಾನೆ. ರೈಲಿನಲ್ಲಿ ಯಲವಿಗಿಗೆ ಬಂತು, ಅಲ್ಲಿಂದ ಚಕ್ಕಡಿ. ಬಾಗಿಲು ಕಿಟಕಿಗೆ ಹಚ್ಚುವ ಬಣ್ಣಕ್ಕೆ ಹಾಕುವ ಸಫೇದ ಅದು. "ಕಾಕಾ, ಅದೂ ಇದೂ ಒಂದ ಏನು?" ಎಂದು ಕೇಳಿದೆ. "ಎರಡೂ ಬೆಳ್ಳಗ ಅದಾವಲ್ಲ, ಇನ್ನೇನ ಬೇಕು?" ಎಂದ. ಹೊಸ ಪಾಕ ಹಳೆಯದಕ್ಕಿಂತ ಬೆಳ್ಳಗೆ, ಹಳೆಯದಕ್ಕಿಂತ ನುಣ್ಣಗೆ ಬಂತು ಎನ್ನುವುದು ಮಾತ್ರ ಖರೆ.

ಮುಂಬಯಿ ಕಾರಖಾನೆಯಲ್ಲಿ ಹೊಸ ಮಾಲು ಮಾಡಿದರೆ ಮಾರುವ ಮೊದಲು ಯಾರಿಗಾದರೂ ಹಚ್ಚಿ ನೋಡುವ ಪದ್ಧತಿ ಇತ್ತಂತೆ. "ಯಾರಿಗೆ?" ಎಂದೆ. "ಕಸಾ ಹೊಡಿಯಾಕ ಬರೂ ಬಾಯಾರಿಗೆ" ಎಂದ. ಹಾಗೆ ಹೇಳುತ್ತಲೇ ಹಿತ್ತಲಲ್ಲಿ ಅರಿಸಿನ ಕುಟ್ಟುತ್ತಿದ್ದ ಚೌಡವ್ವನನ್ನು ಕರೆದ.

ಚೌಡವ್ವ ಒನಕೆ ಇಳಿಸದೆ ಅಂದಳು: "ನನ್ನ ಮಾರಿಗೆ ಹಚ್ಚಬ್ಯಾಡ್ರಿ ಯಪ್ಪಾ. ಬೆಳ್ಳಗಾದ್ನೆಂದ್ರ ನನ್ನ ಗಂಡ ಗುರ್ತ ಹಿಡಿಯೂದಿಲ್ಲ, ಹೊರಗ ಹಾಕ್ತಾನ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. "ಕಾಕಾ, ಸುಟ್ಟರ ಆಕಿ ಮಾರಿ ಸುಡ್ಲಿ, ಚಲೋ ಆದ್ರ ಸಾಹುಕಾರತೇರು ಹಚಗೊಳ್ಳಿ ಅಂತನೇನು ಲೆಕ್ಕ? ನನಗ ಹಚ್ಚು" ಎಂದೆ. ಕಾಕಾ ನನ್ನನ್ನು ನೋಡಿದ, ಅವ್ವನನ್ನು ನೋಡಿದ. ನನ್ನ ಬಾಯಿ ನಿನಗೆ ಗೊತ್ತಲ್ಲ. ಶಾಲೆ ನೋಡಲು ಬಂದ ಇನಸ್ಪೆಕ್ಟರ ಸಾಹೇಬರ ಮುಂದೆ, "ಈ ಕಸೂತಿ ನಾವು ಹಾಕಿಲ್ರಿ, ಅಕ್ಕೋರ ಹಾಕ್ಯಾರ" ಎಂದು ಹೇಳಿ, ಅದಕ್ಕೆ ಬಿಸಿಲಲ್ಲಿ ನಿಲ್ಲಿಸಿದ ಅಕ್ಕೋರಿಗೆ ಬೆನ್ನು ತಿರುಗಿಸಿ ಮನೆಗೆ ಬಂದು, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯನ್ನೂ ಕಟ್ಟದೆ ಕೂತವಳು ನಾನು. ನನ್ನ ಜೊತೆ ಹಟ ಹಿಡಿಯುವವರು ಈ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ.

ಆದರೆ ಇಡೀ ಮುಖಕ್ಕೆ ಹಚ್ಚಿಕೊಳ್ಳಲು ನಾನು ಒಪ್ಪಲಿಲ್ಲ. ಪೂರಾ ಹಚ್ಚಿದರೆ ಏನು ಬದಲಾಯಿತೆಂದು ಯಾವುದರ ಜೊತೆ ಹೋಲಿಸಿ ನೋಡುವುದು? ಎಡಗೆನ್ನೆಗೆ ಸ್ನೋ, ಬಲಗೆನ್ನೆಗೆ ಬರೀ ನೀರು. ಎಂಟು ದಿನ ಹಾಗೆಯೇ ಊರೆಲ್ಲ ತಿರುಗಾಡಿದೆ. ಅವ್ವ, "ಅರ್ಧ ಮಾರಿ ಹುಣ್ಣಿವಿ, ಅರ್ಧ ಮಾರಿ ಅಮಾಸಿ. ಮನಿ ಮಾನ ಕಳಿಯಾಕ ಹುಟ್ಟೀಯೇನ?" ಎಂದು ಕೂಗಾಡಿದಳು. ಸಂತೆಗೆ ಬಂದ ಉಸ್ಮಾನಸಾಬರು ಮೊದಲು ನನ್ನ ಎಡಗಡೆಯಿಂದ ನೋಡಿ, ನಾನು ತಿರುಗಿದ ಮೇಲೆ ಬಲಗಡೆಯಿಂದ ನೋಡಿ, "ಏ ಬೇಟಿ, ಒಂದ ಸೀರ್ಯಾಗ ಇಬ್ಬರ ಹುಡುಗ್ಯಾರ ಅದೀರೇನು?" ಎಂದರು. ಇವತ್ತು ಅವ್ವ ಚಿಲಕ ಹಾಕಿದ್ದು ಇದಕ್ಕೇ.

ಫಲಿತಾಂಶ ಹೇಳುತ್ತೇನೆ. ತುರಿಕೆ ಇಲ್ಲ, ಉರಿ ಇಲ್ಲ, ಒಂದು ಗುಳ್ಳೆ ಏಳಲಿಲ್ಲ. ಕಾಕಾ ಹಿತ್ತಲಲ್ಲಿ ಕುಣಿದಾಡಿದ. ಇನ್ನೊಂದು ಮಾತು, ನಿನಗೊಬ್ಬಳಿಗೇ: ಎಡಗೆನ್ನೆ ಚಂದ ಕಾಣುತ್ತಿತ್ತು, ಶಿವಿ. ಕನ್ನಡಿಯ ಮುಂದೆ ನಾನು ಎಡಕ್ಕೇ ಹೆಚ್ಚು ಹೊತ್ತು ತಿರುಗುತ್ತಿದ್ದೆ.

ಅವ್ವನ ಅವಸರಕ್ಕೂ ಕಾರಣವಿದೆ. ಶಿವರಾತ್ರಿಯ ಮುಂಚೆ ಹಾನಗಲ್ಲಿನವರು ನನ್ನನ್ನು ನೋಡಲು ಬರುತ್ತಾರೆ. ಹುಡುಗನ ಹೆಸರು ಪರಮೇಶ್ವರಪ್ಪ. ಧಾರವಾಡದಲ್ಲಿ ಬಿ.ಎಸ್ಸಿ. ಓದಿ ಮಾಸ್ತರನಾಗಿದ್ದಾನಂತೆ. ಮಾಸ್ತರ ಎಂದ ಕೂಡಲೇ ನನಗೆ ಬೆಂಚಿನ ಮೇಲೆ ನಿಂತ ಹಾಗಾಯಿತು. ಹೋದ ವರ್ಷ ಶಿಗ್ಗಾವಿಯವರೂ ದುಂಡಸಿಯವರೂ "ಹುಡುಗಿ ಲಕ್ಷಣ ಅದಾಳ, ಬಣ್ಣ ಒಂದೀಟ..." ಎಂದು ಮಾತು ಅಲ್ಲಿಗೇ ನಿಲ್ಲಿಸಿ ಹೋದರಲ್ಲ, ಅಂದಿನಿಂದ ಅವ್ವನಿಗೆ ನಿದ್ದೆ ಇಲ್ಲ. ಕಾಕಾ ಅವಳಿಗೆ ಧೈರ್ಯ ಹೇಳುತ್ತಾನೆ: "ವೈನಿ, ಈ ಸಲಾ ಸ್ನೋ ಐತಿ. ಹುಡುಗೀನೂ ಪಾಸ್, ಮಾಲೂ ಪಾಸ್!"

ನಿಮ್ಮ ಅಣ್ಣ ನಾಳೆ ಹಿರೇಕೆರೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಪತ್ರ, ಅದರ ಸಂಗಡ ಒಂದು ಡಬ್ಬಿ ಕುಬೇರ ಸ್ನೋ. ಬಸುರಿಗೆ ಬಯಕೆ ಕಳಿಸಬೇಕು, ನಾನು ಸ್ನೋ ಕಳಿಸುತ್ತಿದ್ದೇನೆ, ನಗಬೇಡ. ನಿನ್ನ ಅತ್ತೆಯವರಿಗೂ ಯಜಮಾನರಿಗೂ ಶರಣು ತಿಳಿಸು. ಚಿಲಕ ತೆಗೆದ ಸಪ್ಪಳ ಕೇಳಿತು, ಓಡುತ್ತೇನೆ.

ನಿನ್ನ
ಸಾವಂತ್ರಿ

•

ಬಂಕಾಪುರ
ತಾ. 8 ಫೆಬ್ರುವರಿ 1941

ಶಿವಿ,

ಇದು ಕಾರ್ಡು, ಜಾಗ ಕಡಿಮೆ. ನಾನು ಕಳಿಸಿದ ಸ್ನೋ ಹಚ್ಚಬೇಡ. ಹಚ್ಚಿದ್ದರೆ ನಿಲ್ಲಿಸು. ನಾನು ಮತ್ತೆ ಬರೆಯುವ ತನಕ ಡಬ್ಬಿಯ ಮುಚ್ಚಳ ತೆಗೆಯಬೇಡ.

ಆದದ್ದು ಇಷ್ಟು. ನಾನು ಎಂಟು ದಿನ ಹಚ್ಚಿಕೊಂಡು ಚೆನ್ನಾಗಿದ್ದುದನ್ನು ಕಂಡು ಚೌಡವ್ವ ತಾನಾಗಿಯೇ ಒಂದಿಷ್ಟು ಕೇಳಿ ಇಸಿದುಕೊಂಡಳು, ತಂಗಿಯ ಮದುವೆಗೆ ಹಚ್ಚಿಕೊಂಡು ಹೋಗುತ್ತೇನೆ ಎಂದು. ಅವಳ ಕುತ್ತಿಗೆಗೆ ಕಜ್ಜಿ ಎದ್ದಿತ್ತು, ಅದಕ್ಕೆ ಗಂಧಕ ಕಲಸಿದ ಎಣ್ಣೆ ಹಚ್ಚುತ್ತಿದ್ದಳು. ಅದರ ಮೇಲೆ ಸ್ನೋ ಹಚ್ಚಿಕೊಂಡಳು. ಮದುವೆ ಮುಗಿಸಿ ಬಂದಾಗ ಎಣ್ಣೆ ಇದ್ದ ಕಡೆಯೆಲ್ಲ ಕುತ್ತಿಗೆ ಕಂದೀಲಿನ ಮಸಿಯ ಹಾಗಿತ್ತು. "ಸಣ್ಣಕ್ಕಾರ, ಬೆಳ್ಳಗ ಮಾಡೂದು ನಿಮ್ಮ ಕೈಲೆ ಆಗಲಿಲ್ಲ, ಬಿಡ್ರಿ. ಕರೀದನ್ನ ಮತ್ತ ಕರೀದ ಮಾಡೂದು ಹೆಂಗಂತ ಕಲಿತೀರಿ!" ಎಂದು ನಕ್ಕಳು. ಕಾಕಾ, "ತೊಳಕೊಂಡಿರಾಕಿಲ್ಲ" ಎಂದ. ನಾನು ಸೀಗೆಕಾಯಿ ಹಾಕಿ ತೊಳೆದು ನೋಡಿದೆ. ಕೊಳೆಯಾದರೆ ಹೋಗಬೇಕಿತ್ತಲ್ಲ? ಅರ್ಧ ಹೋಯಿತು, ಅರ್ಧ ಹೋಗಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ, ಕಾಕಾಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಿನ್ನ ಮುಖಕ್ಕೆ ಹಚ್ಚಬಾರದು.

ನಾಡಿದ್ದು ಹಾನಗಲ್ಲಿನವರು ಬರುತ್ತಾರೆ.

ಸಾವಂತ್ರಿ

•

ಬಂಕಾಪುರ
ತಾ. 23 ಮಾರ್ಚ್ 1941

ಪ್ರೀತಿಯ ಶಿವಬಸವ್ವಗೆ ಸಾವಂತ್ರಿಯ ಅನೇಕ ಶರಣು.

ಆ ಕಾರ್ಡು ಬರೆದು ತಿಂಗಳ ಮೇಲಾಯಿತು. ನಿನ್ನನ್ನು ಅಷ್ಟು ಹೆದರಿಸಿ ಮುಂದೆ ಸುದ್ದಿಯೇ ಇಲ್ಲದೆ ಕೂತದ್ದಕ್ಕೆ ನನ್ನ ಕಿವಿ ಹಿಂಡು. ನಿನ್ನ ಉತ್ತರ ಓದಿ ಜೀವ ತಂಪಾಯಿತು. ಡಬ್ಬಿ ಬಂದ ದಿನವೇ ನಿನ್ನ ಅತ್ತೆ, "ಯುಗಾದಿಗೆ ಹಚಗೋಬೇಕು, ದಿನಾ ಹಚಗೊಂಡ್ರ ದೃಷ್ಟಿ ಆಕ್ಕೈತಿ" ಎಂದು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರಂತಲ್ಲ! ಅತ್ತೆಯ ಕೀಲಿಕೈಗೆ ಅಡ್ಡಬಿದ್ದೆ ಎಂದು ಹೇಳು. ನಾನು ಸೊಸೆಯಾದರೆ ಇಂಥ ಅತ್ತೆಯೇ ಸಿಗಲಿ. ಈಗ ಆ ಡಬ್ಬಿಯನ್ನು ಬಾವಿಯಿಂದ ದೂರ ಆಳವಾಗಿ ತೆಗ್ಗು ತೋಡಿ ಹೂಳಿಬಿಡು. ಯಾಕೆಂದು ಹೇಳುತ್ತೇನೆ, ಕೂತು ಓದು. ಅವಲಕ್ಕಿ ಇದ್ದರೆ ಪಕ್ಕದಲ್ಲಿ ಇಟ್ಟುಕೋ.

ಹಾನಗಲ್ಲಿನವರು ಬಂದ ದಿನ ಬೆಳಿಗ್ಗೆ ಅವ್ವ ನನ್ನನ್ನು ಗೋಡೆಗೆ ಒತ್ತಿ ಹಿಡಿದು ಇಡೀ ಮುಖಕ್ಕೆ ಸ್ನೋ ಬಳಿದಳು. ನಾನು ಚೌಡವ್ವನ ಕುತ್ತಿಗೆಯ ಮಾತು ಎತ್ತಿದೆ. "ನಿನಗೇನ ಕಜ್ಜಿ ಎದ್ದೈತೇನು? ಸುಮ್ನ ನಿಂದರು" ಎಂದಳು. ಶಿಗ್ಗಾವಿಯವರು, ದುಂಡಸಿಯವರು ಹೋದ ಮೇಲೆ ಅವ್ವ ಅಡಿಗೆಮನೆಯಲ್ಲಿ ಹೇಗೆ ಕೂತಿದ್ದಳೆಂದು ನನಗೆ ಗೊತ್ತಿತ್ತು. ನಾನು ಸುಮ್ಮನೆ ನಿಂತೆ. ಮುಖ ಮುಗಿಸಿ ಅವ್ವ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. "ಶಿವನ! ನನ್ನ ಮಗಳ ಏನಿದು!" ಎಂದಳು. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಈಚೆಗೆ ಕಂಡಿರಲಿಲ್ಲ. ಕಾಕಾ ಬಂದು, ಒಪ್ಪಿಗೆ ಆಗುವ ತನಕ ಯಾರೂ ಸ್ನೋ ಮಾತೆತ್ತಬಾರದು ಎಂದು ತಾಕೀತು ಮಾಡಿದ. ಒಪ್ಪಿಗೆ ಆದ ಮೇಲೆ ತಾನೇ ಡಬ್ಬಿ ತೆಗೆದು ಬೀಗರ ಕೈಗೆ ಕೊಟ್ಟು ಹೇಳುವವನಿದ್ದ.

ಬಂದವರು ಮೂವರು: ತಂದೆ, ತಾಯಿ, ಹುಡುಗ. ನಾನು ಶಿರಾ ಉಪ್ಪಿಟ್ಟು ತಂದಿಟ್ಟು ಕೂತೆ. ಹುಡುಗನನ್ನು ನೋಡಬಾರದು ಎಂದು ಅವ್ವ ಹೇಳಿದ್ದಳು, ಆದ್ದರಿಂದ ನೋಡಿದೆ. ತೆಳ್ಳಗೆ, ಕನ್ನಡಕ, ಬೆರಳಿಗೆ ಹಲಗೆಯ ಮೇಲೆ ಬರೆಯುವ ಖಡುವಿನ ಪುಡಿ. ಹೆಣ್ಣು ನೋಡಲು ಬರುವಾಗಲೂ ಕೈ ಸರಿಯಾಗಿ ತೊಳೆದುಕೊಳ್ಳದವನು ಸುಳ್ಳು ಹೇಳುವ ಮನುಷ್ಯನಲ್ಲ ಎಂದು ನನಗೆ ಅನ್ನಿಸಿತು.

ಹುಡುಗನ ತಾಯಿ ನನ್ನ ಗದ್ದ ಹಿಡಿದೆತ್ತಿ, "ಹುಡುಗಿ ಬಣ್ಣ ಚಲೋ ಐತಲ್ರಿ! ನಮಗ ಮಂದಿ ಬ್ಯಾರೆ ಹೇಳಿದ್ರು" ಎಂದರು.

ಶಿವಿ, ಅಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮುಗಿದಿತ್ತು. ಅವ್ವ ಬಾಗಿಲ ಸಂದಿಯಿಂದ ಕಣ್ಣಲ್ಲೇ ಕೈಮುಗಿಯುತ್ತಿದ್ದಳು. ಆದರೆ ಆ ಹೆಣ್ಣುಮಗಳ ಬೆರಳು ನನ್ನ ಗದ್ದದ ಮೇಲಿತ್ತು, ಬೆರಳಿಗೆ ಬಿಳಿ ಹತ್ತಿತ್ತು.

"ಅದು ನನ್ನ ಬಣ್ಣ ಅಲ್ರಿ ಯವ್ವಾ" ಎಂದೆ. "ನಮ್ಮ ಕಾಕಾಂದು."

ಕಾಕಾ ಉಪ್ಪಿಟ್ಟು ನೆತ್ತಿಗೆ ಹತ್ತಿ ಕೆಮ್ಮಿದ. ಹುಡುಗ ನಕ್ಕ. ಅದು ಹಂಗಿಸುವ ನಗೆಯಾಗಿರಲಿಲ್ಲ, ಕೂತಲ್ಲಿಯೇ ಅಲುಗಾಡುವ ಹಾಗೆ ನಕ್ಕ. "ಏನೇನ ಹಾಕ್ಯಾರ ಅದರಾಗ?" ಎಂದು ನೇರ ನನ್ನನ್ನೇ ಕೇಳಿದ. ಹೆಸರೇನು, ಓದಲು ಬರುತ್ತದೆಯೇ, ಹಾಡಲು ಬರುತ್ತದೆಯೇ ಎಂದು ಕೇಳುವ ಬದಲು ಇದು ಅವನ ಮೊದಲ ಪ್ರಶ್ನೆ. ನಾನು ಎಲ್ಲ ಹೇಳಿದೆ. ಮೇಣ, ಎಣ್ಣೆ, ಗುಲಾಬಿ ನೀರು, ಮುಂಬಯಿಯ ಸಫೇದ, ಬಣ್ಣದ ಅಂಗಡಿಯ ಸಫೇದ, ನನ್ನ ಅರ್ಧ ಮುಖ, ಚೌಡವ್ವನ ಕುತ್ತಿಗೆ.

ಕುತ್ತಿಗೆಯ ಮಾತಿಗೆ ಅವನು ಶಿರಾದ ತಾಟು ಕೆಳಗಿಟ್ಟ. "ಗಂಧಕ ಹತ್ತಿದ ಕಡೆ ಅಷ್ಟ ಕಪ್ಪಾತೇನು?"

"ಹೌದ್ರಿ."

"ಹಂಗಾದ್ರ ಅದು ಸೀಸದ ಸಫೇದ. ಮುಂಬಯಿಂದ ತಂದದ್ದು ಜಸ್ತದ್ದು, ಅಂದ್ರ ಸತುವಿಂದು, ಇರಬೇಕು. ಎರಡೂ ಬೆಳ್ಳಗ ಕಾಣ್ತಾವ, ಆದ್ರ ಎರಡರ ಗುಣಾ ಬ್ಯಾರೆ. ಸೀಸ ವಿಷ."

"ನಾ ಎಂಟ ದಿನ ಹಚಗೊಂಡೇನ್ರಿ. ತುರಿಸ್ಲಿಲ್ಲ, ಉರಿಲಿಲ್ಲ."

"ತುರಿಸಿದ್ರ ಚಲೋ ಇತ್ತು" ಎಂದ. "ತುರಿಸಿದ್ರ ತಗದು ಒಗಿತಿದ್ರಿ. ಇದು ಕೂಗಿ ಬರೂ ಕಳ್ಳಲ್ಲ. ದಿನಾ ಒಂದೀಟ ಒಂದೀಟ ಒಳಗ ಹೋಗಿ ಕೂಡ್ತೈತಿ. ಕೈಗೆ ಹತ್ತಿದ್ದು ಊಟದ ಸಂಗಾಟ ಬಾಯಿಗೆ ಹೋಗ್ತೈತಿ. ವರ್ಷಗಟ್ಟಲೆ ಸಫೇದ ಅರದು ಬಣ್ಣಾ ಮಾಡೂ ಮಂದಿಗೆ ಹೊಟ್ಟಿ ನುಲೀತೈತಿ, ಮುಂಗೈ ಸತ್ತು ಜೋತು ಬೀಳ್ತಾವ." ಆಮೇಲೆ ದನಿ ತಗ್ಗಿಸಿ, "ಬಸುರಿ ಹೆಣ್ಮಕ್ಕಳಂತೂ ಮುಟ್ಟಬಾರದು" ಎಂದ.

ನನಗೆ ನೀನು ನೆನಪಾದೆ. ಎಂಟು ದಿನದ ನನ್ನ ಪರೀಕ್ಷೆಯ ಮೇಲೆ ನನಗೆಷ್ಟು ಜಂಬವಿತ್ತು! ಚರ್ಮ ಸುಮ್ಮನಿದ್ದರೆ ಎಲ್ಲವೂ ಸುಮ್ಮನಿದೆ ಎಂದು ತಿಳಿದಿದ್ದೆ. ಕಾಕಾ ಎದ್ದು ನಿಂತು, "ಮಾಸ್ತರ, ಪುಸ್ತಕದಾಗಿಂದ ಹೇಳಬ್ಯಾಡ್ರಿ. ನನ್ನ ಮಾಲಿನಾಗ ಸೀಸ ಐತಿ ಅಂತ ಹೆಂಗ ತೋರಸ್ತೀರಿ?" ಎಂದ.

"ಕೊಳತ ತತ್ತಿ ಬೇಕು" ಎಂದ ಹುಡುಗ.

ಲಿಂಗ ಕಟ್ಟಿದವರ ಮನೆಯ ಪಡಸಾಲೆಯಲ್ಲಿ, ಹೆಣ್ಣು ನೋಡುವ ಹೊತ್ತಿನಲ್ಲಿ, ತತ್ತಿ! ಅವನ ತಂದೆ ಕಿವಿ ಮುಚ್ಚಿಕೊಂಡರು. "ಶಿವಶಿವಾ! ಲೇ ಪರಮೇಶಿ, ಹೆಣ್ಣ ನೋಡಾಕ ಬಂದೇವೋ, ಕೋಳಿ ಯಾಪಾರಕ್ಕ ಬಂದೇವೋ?" ಅವನು ಬಿಡಲಿಲ್ಲ. ಕೊಳೆತ ತತ್ತಿಯಿಂದ ಏಳುವ ನಾತ ಗಂಧಕದ್ದೇ ಅಂತೆ. ಒಂದು ಮಡಕೆಯಲ್ಲಿ ತತ್ತಿ ಒಡೆದಿಟ್ಟು, ಗಾಜಿಗೆ ಸ್ನೋ ಸವರಿ ಅದರ ಮೇಲೆ ಬೋರಲು ಹಾಕಿದರೆ, ಸೀಸವಿದ್ದರೆ ಕಪ್ಪಾಗುತ್ತದೆ, ಜಸ್ತವಿದ್ದರೆ ಬಿಳಿಯಾಗಿಯೇ ಇರುತ್ತದೆ. ಹೇಳುತ್ತ ಹೇಳುತ್ತ ತಾಟನ್ನೇ ಮಡಕೆ ಮಾಡಿ, ಚಾದ ಬಸಿಯನ್ನೇ ಗಾಜು ಮಾಡಿ ತೋರಿಸಿದ. ನನಗೆ ಪಾಠ ಹೇಳಿದವರಲ್ಲಿ ಇವನ ಹಾಗೆ ಹೇಳಿದವರು ಒಬ್ಬರಿದ್ದಿದ್ದರೂ ನಾನು ಶಾಲೆ ಬಿಡುತ್ತಿರಲಿಲ್ಲ.

ಅವನ ಮಾತು ಮುಗಿಯುತ್ತಲೇ ನಾನು ಎದ್ದು ಬಚ್ಚಲಿಗೆ ಹೋದೆ. ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಮುಖ ತೊಳೆದೆ. ಅವ್ವ ಬಾಗಿಲಲ್ಲಿ ನಿಂತು, "ಅವರು ಹೋದ ಮ್ಯಾಲ ತೊಳಕೊ ನನ್ನವ್ವಾ, ಒಂದ ತಾಸು ತಡಿ" ಎಂದು ಬೇಡಿಕೊಂಡಳು. ಒಂದು ತಾಸಿನಲ್ಲಿ ಸೀಸ ನನ್ನನ್ನು ಕೊಲ್ಲುತ್ತಿರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೆ ಏನೆಂದು ತಿಳಿದ ಮೇಲೂ ಅದನ್ನು ಮುಖದ ಮೇಲೆ ಇಟ್ಟುಕೊಂಡು ಅವರ ಮುಂದೆ ಕೂರುವುದು ಹೇಗೆ? ಹೊರಗೆ ಬಂದು ನನ್ನ ಸ್ವಂತ ಮುಖದಲ್ಲಿ ಕೂತೆ. ಹುಡುಗನ ತಾಯಿ ಬೆರಳಿನ ಬಿಳಿಯನ್ನು ಸೆರಗಿಗೆ ಒರೆಸಿಕೊಂಡರು. ಹುಡುಗ ಮಾತ್ರ ನನ್ನನ್ನು ನೋಡಿ, "ಪರೀಕ್ಷಾ ಮಾಡ್ರಿ, ಮತ್ತ" ಎಂದ. ಅವರು ಶಿರಾ ಪೂರಾ ತಿನ್ನದೆ ಎದ್ದರು.

ತತ್ತಿ ತಂದುಕೊಡಲು ಉಸ್ಮಾನಸಾಬರನ್ನೇ ಹಿಡಿದೆ. ಅವರ ಮನೆಯಲ್ಲಿ ಕೋಳಿಗಳಿವೆ. ಅವರು ಅತ್ತರಿನ ಪೆಟ್ಟಿಗೆಯ ಮೇಲೆ ಎರಡೂ ಕೈಯಿಟ್ಟು ಆಕಾಶ ನೋಡಿದರು. "ಯಾ ಅಲ್ಲಾ! ಹುಟ್ಟಿದಾಗಿಂದ ವಾಸನಿ ಯಾಪಾರ ಮಾಡೇನಿ. ಗುಲಾಬಿ ಕೇಳ್ಯಾರ, ಕೇದಗಿ ಕೇಳ್ಯಾರ. ಇಂಥಾ ವಾಸನಿ ಕೇಳಿದ ಗಿರಾಕಿ ನೀನ ಮೊದಲ್ನೇದಾಕಿ, ಬೇಟಿ." ಮುಂದಿನ ಸಂತೆಗೆ ಬೂದಿಯಲ್ಲಿ ಹುದುಗಿಸಿ, ಬಟ್ಟೆಯಲ್ಲಿ ಕಟ್ಟಿ, ಗಾಡಿಯ ಹಿಂದೆ ದೂರ ತೂಗುಹಾಕಿಕೊಂಡು ತಂದರು.

ತಿಪ್ಪೆಯ ಹತ್ತಿರ ಪರೀಕ್ಷೆ. ಒಡೆದ ಕಂದೀಲಿನ ಗಾಜಿನ ಚೂರುಗಳಿಗೆ ಒಂದಕ್ಕೆ ಹೊಸ ಸ್ನೋ, ಒಂದಕ್ಕೆ ಕಾಕಾನ ಮೊದಲಿನ ಪಾಕದಲ್ಲಿ ಉಳಿದಿದ್ದ ಸ್ನೋ, ಇನ್ನೊಂದಕ್ಕೆ ಬರೀ ಸುಣ್ಣ. ತತ್ತಿಯ ನಾತಕ್ಕೆ ಎಲ್ಲವೂ ಕಪ್ಪಾಗುತ್ತದೆ ಎಂದು ಕಾಕಾ ಅನ್ನಬಾರದಲ್ಲ! ಸೆರಗಿನಿಂದ ಮೂಗು ಕಟ್ಟಿಕೊಂಡು ತತ್ತಿ ಒಡೆದೆ. ಶಿವಿ, ಆ ನಾತ ವರ್ಣಿಸುವುದಿಲ್ಲ, ನೀನು ಬಸುರಿ. ಚೌಡವ್ವ ಒನಕೆ ಬಿಟ್ಟು ಓಡಿದಳು. ಮೂರು ಗಾಜೂ ಬೋರಲು ಹಾಕಿ, ಮೇಲೆ ಪರಾತ ಮುಚ್ಚಿ, ಅಪ್ಪನಿಗೆ ಚಾ ಕೊಟ್ಟು ಬಂದು ತೆಗೆದು ನೋಡಿದೆ. ಸುಣ್ಣ ಬಿಳಿ. ಹಳೆಯ ಸ್ನೋ ಬಿಳಿ. ಹೊಸ ಸ್ನೋ ಸುಟ್ಟ ರೊಟ್ಟಿಯ ಬಣ್ಣ.

ಕಾಕಾ ಆ ಗಾಜನ್ನು ಬೆಳಕಿಗೆ ಹಿಡಿದು ತಿರುವಿ ನೋಡಿದ. "ತತ್ತಿ ಸಾ‌ಬರ ಮನೀದು ಅಂತ ಹಿಂಗೇನು?" ಎಂದ. ತಮಾಷೆಗೆ ಅಂದನೋ ಆಸೆಯಿಂದ ಅಂದನೋ ತಿಳಿಯಲಿಲ್ಲ. ಎರಡನೆಯ ತತ್ತಿ ಇತ್ತು, ಅದನ್ನು ತಾನೇ ಒಡೆದ, ತಾನೇ ಸವರಿದ, ತಾನೇ ಮುಚ್ಚಿದ. ಮತ್ತೆ ಅದೇ. ಆಗ ಅಲ್ಲೇ ಕುಕ್ಕರಗಾಲಲ್ಲಿ ಕೂತು, "ಮುಂಬಯಿದಾಗ ಆ ಬಾಯಾರಿಗೆ ಏನೇನ ಹಚ್ಚಿದ್ವೋ ಯಾರಿಗ್ಗೊತ್ತು" ಎಂದ. ಆ ಮಾತು ಕೇಳಿ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು.

ಮರುದಿನ ಕಾಕಾ ಮನೆ ಮನೆಗೆ ಹೋಗಿ, ನೋಡಲೆಂದು ಹಂಚಿದ್ದ ಡಬ್ಬಿಗಳನ್ನು ತಿರುಗಿ ಇಸಿದುಕೊಂಡು ಬಂದ. ದೇಸಾಯರ ಓಣಿಯ ಗುತ್ತೆವ್ವಾಯಿ, "ಕೊಟ್ಟದ್ದ ಹೊಳ್ಳಿ ಕೇಳಾಕ ನಾಚಿಕಿಲ್ಲೇನೋ? ಸಾಯೂ ಕಾಲಕ್ಕ ಒಂದೀಟ ಚಂದ ಕಂಡ್ರ ನಿನಗೇನ ಹೊಟ್ಟಿಉರಿ?" ಎಂದು ಕೋಲು ತೆಗೆದುಕೊಂಡಳಂತೆ. ಉಳಿದ ಸಫೇದ ಬಾಗಿಲಿಗೆ ಬಣ್ಣ ಹಚ್ಚುವವರ ಪಾಲಾಯಿತು, ಉಣ್ಣುವ ಮೊದಲು ಕೈ ತೊಳೆದುಕೊಳ್ಳಿರಿ ಎನ್ನುವ ನನ್ನ ಉಪದೇಶದ ಸಮೇತ. ಈಗ ಕುಬೇರ ಸ್ನೋದಲ್ಲಿ ಸಫೇದ ಇಲ್ಲ. ಮೇಣ, ಎಣ್ಣೆ, ಗುಲಾಬಿ ನೀರು ಅಷ್ಟೇ, ಬಣ್ಣ ಬೆಣ್ಣೆಯ ಹಾಗೆ. ಡಬ್ಬಿಯ ಮೇಲಿನ ಚೀಟಿ ಬರೆಯುವ ಕೆಲಸ ನನ್ನದು. ನಾನು ಬರೆದೆ: 'ಇದರಿಂದ ಮುಖ ಬೆಳ್ಳಗಾಗುವುದಿಲ್ಲ. ಒಡೆದ ಹಿಮ್ಮಡಿ ಕೂಡುತ್ತದೆ.' ಕಾಕಾ ಓದಿ ತಲೆ ಮೇಲೆ ಕೈ ಹೊತ್ತ. "ಇಂಥಾ ಚೀಟಿ ಹಚ್ಚಿದ್ರ ಯಾವ ಗಿರಾಕಿ ಬರ್ತೈತಬೇ?" ಬಂದರು, ಶಿವಿ! ಹೆಂಗಸರಲ್ಲ, ಹೊಲದಲ್ಲಿ ಕಾಲೊಡೆದ ಗಂಡಸರು. ಮುಖದ ಅಂಗಡಿ ಕಾಲಿನ ಅಂಗಡಿಯಾಗಿದೆ. ಚೌಡವ್ವನ ಕುತ್ತಿಗೆಯೂ ತಿಳಿಯಾಯಿತು. "ನಿಮ್ಮ ಮಸೀನೂ ಹೋತು, ನನ್ನ ಕಜ್ಜಿನೂ ಹೋತು, ಇನ್ನ ನಾ ಮದಲಿನಂಗ ಚೆಲಿವಿ" ಎನ್ನುತ್ತಾಳೆ.

ಹೆರಿಗೆಗೆ ನೀನು ತವರಿಗೆ ಬರುವ ದಿನ ಕಾಯುತ್ತಿದ್ದೇನೆ. ನಿನಗೆ ಹೂವೆತ್ತಿದ ಹಾಗೆ ಹೆರಿಗೆಯಾಗಲಿ. ಕೂಸು ಯಾವ ಬಣ್ಣದ್ದೇ ಇರಲಿ, ಊರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಅಳಲಿ. ಹುಡುಗಿಯಾದರೆ ಶಾಲೆಗೆ ಕಳಿಸು, ನನ್ನ ಹಾಗೆ ಎದ್ದು ಬರದಂತೆ ನೋಡಿಕೋ. ಎದ್ದು ಬಂದರೂ ಬೈಯಬೇಡ. ಕೀಲಿಕೈಯ ಅತ್ತೆಗೆ ನನ್ನ ವಿಶೇಷ ಶರಣು.

ಯಾವತ್ತಿಗೂ ನಿನ್ನ
ಸಾವಂತ್ರಿ

ತಾ. ಕ.: ಹಾನಗಲ್ಲಿನ ಸುದ್ದಿ ಬರೆಯಲಿಲ್ಲ ಎಂದು ನೀನು ಹಾಳೆ ತಿರುವಿ ನೋಡುತ್ತೀ, ಗೊತ್ತು. ಅವರ ಕಾರ್ಡು ಬಂದು ಬಹಳ ದಿನವಾಯಿತು. ತಂದೆಯೇ ಬರೆದಿದ್ದಾರೆ: ಮನೆತನ ಒಳ್ಳೆಯದು, ಹುಡುಗಿ ಶಾಣ್ಯಾಕಿ, ಆದರೆ ಬಣ್ಣ ನಮ್ಮ ಮನೆಯವರ ಮನಸ್ಸಿಗೆ ಬರಲಿಲ್ಲ. ಎಲ್ಲರ ಮುಂದೆ ನಾನು ನಕ್ಕುಬಿಟ್ಟೆ, ಅವ್ವನನ್ನೂ ನಗಿಸಿದೆ. ಅದೇ ಕಾರ್ಡಿನ ಅಂಚಿನಲ್ಲಿ ಬೇರೆ ಅಕ್ಷರದಲ್ಲಿ, ಸಣ್ಣದಾಗಿ ಒಂದು ಸಾಲಿದೆ: 'ತತ್ತಿಯ ಪರೀಕ್ಷೆ ಏನಾಯಿತು, ತಿಳಿಸಬೇಕು.' ಶಿವಿ, ನಿನಗೆ ಸುಳ್ಳು ಬರೆಯಲಾರೆ. ಅವನು ನನಗೆ ಬೇಕಾಗಿದ್ದ. ಆ ದಿನ ಇನ್ನೊಮ್ಮೆ ಬಂದರೂ ನಾನು ಮುಖ ತೊಳೆದೇ ತೊಳೆಯುತ್ತೇನೆ, ಅದಕ್ಕೆ ನನಗೆ ದುಃಖವಿಲ್ಲ. ಆದರೆ ಆ ಬಿಳುಪಿನಲ್ಲಿ ಏನಿದೆಯೆಂದು ಅಷ್ಟು ಚೆನ್ನಾಗಿ ತಿಳಿದವನು, ತನ್ನ ಅವ್ವನ ಮುಂದೆ ಒಂದು ಮಾತು ಆಡಬಹುದಿತ್ತು. ಅವನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ, ಇನ್ನೂ ಬರೆದಿಲ್ಲ. ಬರೆಯಲೋ ಬೇಡವೋ, ನೀನೇ ಹೇಳು.